ನಲವತ್ತೊಂದನೆಯ ಚೀಟಿ

ಸುತ್ತಿಗೆಗೆ ಆ ಹೆಸರು ಬಂದದ್ದು ಪುಸ್ತಕ ಕಟ್ಟುವ ಕೆಲಸದಿಂದಲ್ಲ. ಈಗ ಅವನು ವಕೀಲರ ಸಂಘದ ಲೈಬ್ರರಿಯ ಹಿಂದಿನ ಕೋಣೆಯಲ್ಲಿ ಕೂತು ಹರಿದ ಕಾನೂನು ಪುಸ್ತಕಗಳಿಗೆ ಹೊಸ ಹೊಲಿಗೆ ಹಾಕುತ್ತಾನೆ, ಬೆನ್ನಿಗೆ ಸಣ್ಣ ಸುತ್ತಿಗೆಯಿಂದ ಬಡಿದು ದುಂಡಗೆ ಮಾಡುತ್ತಾನೆ. ನೋಡಿದವರು ಅದೇ ಕಾರಣ ಅಂದುಕೊಳ್ಳುತ್ತಾರೆ. ಅವನು ತಿದ್ದಲು ಹೋಗುವುದಿಲ್ಲ. ಹೆಸರು ಹುಟ್ಟಿದ್ದು ಹತ್ತೊಂಬತ್ತು ವರ್ಷದ ಹಿಂದೆ, ಲಾರಿ ಸ್ಟ್ಯಾಂಡಿನಲ್ಲಿ, ಒಬ್ಬ ಮೇಸ್ತ್ರಿಯ ತಲೆಬುರುಡೆಯ ಮೇಲೆ.

ಅಲ್ಲಿ ಅವನೂ ಅವನ ಅಣ್ಣನೂ ಹಮಾಲರು. ಒಂದು ಬೆಳಗ್ಗೆ ಸಿಮೆಂಟ್ ಮೂಟೆ ಹೊತ್ತ ಅಣ್ಣ ಎಡವಿದ, ಮೂಟೆ ಒಡೆಯಿತು. ಮೇಸ್ತ್ರಿ ಓಡಿಬಂದು ಬಿದ್ದವನ ಪಕ್ಕೆಗೆ ಒದ್ದ. ಒದೆತಕ್ಕೆ ಅಣ್ಣ ಹೊರಳಿದ ಜಾಗಕ್ಕೆ ಸರಿಯಾಗಿ, ಹಿಂದಕ್ಕೆ ಬರುತ್ತಿದ್ದ ಲಾರಿಯ ಚಕ್ರ ಬಂತು. ಮೊಣಕಾಲಿನ ಕೆಳಗೆ ಕಾಲು ಅನ್ನುವಂಥದ್ದು ಉಳಿಯಲಿಲ್ಲ.

"ಎಳೆದು ಆಚೆ ಹಾಕ್ರೋ, ಗಾಡಿ ನಿಂತಿದೆ" ಎಂದ ಮೇಸ್ತ್ರಿ.

ಟೈರಿನವನ ಪೆಟ್ಟಿಗೆಯ ಮೇಲೆ ಸುತ್ತಿಗೆ ಇತ್ತು. ಇನ್ನೊಬ್ಬ ಹಮಾಲ ಮೇಸ್ತ್ರಿಯನ್ನು ಹಿಂದಿನಿಂದ ತಬ್ಬಿ ಹಿಡಿದ, ತಮ್ಮ ಹೊಡೆದ. ಒಂದೇ ಏಟು. ಖಾಲಿ ಮಡಕೆ ಒಡೆದಂಥ ಸದ್ದು. ಮೇಸ್ತ್ರಿ ಒಂಬತ್ತು ದಿನ ಬಾಯಿ ತೆರೆದುಕೊಂಡೇ ಮಲಗಿದ್ದು ಹತ್ತನೆಯ ದಿನ ಸತ್ತ.

ಇಬ್ಬರಿಗೂ ಹದಿನಾಲ್ಕು ವರ್ಷ ಜೈಲಾಯಿತು. ಹಿಡಿದುಕೊಂಡವನ ಅಪೀಲು ಅರವತ್ತು ದಿನದ ಗಡುವಿನೊಳಗೆ ಕೋರ್ಟು ಸೇರಿತು. ಯೋಚಿಸಿ ಮಾಡಿದ್ದಲ್ಲ, ಕಣ್ಣೆದುರಿನ ರಕ್ತಕ್ಕೆ ತಲೆ ಕೆಟ್ಟು ಮಾಡಿದ್ದು ಅಂತ ಶಿಕ್ಷೆ ಏಳು ವರ್ಷಕ್ಕೆ ಇಳಿಯಿತು. ಸುತ್ತಿಗೆ ತನ್ನ ಅರ್ಜಿಯನ್ನು ಐವತ್ತನಾಲ್ಕನೆಯ ದಿನವೇ ಜೈಲಿನ ಆಫೀಸಿಗೆ ಕೊಟ್ಟಿದ್ದ. ಅಲ್ಲಿ ಅದರ ಮೇಲೆ ಯಾರೋ ಹತ್ತು ದಿನ ಊಟದ ಡಬ್ಬಿ ಇಟ್ಟರು. ಕೋರ್ಟು ತಲುಪುವಾಗ ನಾಲ್ಕು ದಿನ ತಡ.

"ಜೈಲಿನವರ ಕೈಗೆ ಕೊಟ್ಟ ದಿನವೇ ಕೋರ್ಟಿಗೆ ಕೊಟ್ಟ ದಿನ ಅಂತ ನಿಯಮ ಇದೆಯಾ? ಇದ್ದರೆ ತೋರಿಸಿ" ಎಂದರು ನ್ಯಾಯಾಧೀಶರು. ಅವನ ವಕೀಲ ಎರಡು ದಿನ ಇದೇ ಲೈಬ್ರರಿಯಲ್ಲಿ ಹುಡುಕಿ ಬರಿಗೈಯಲ್ಲಿ ಹೋಗಿ ನಿಂತ. ಅಪೀಲು ಓದದೆಯೇ ವಜಾ ಆಯಿತು.

ಹದಿನಾಲ್ಕು ವರ್ಷವನ್ನೂ ಅವನು ಪೂರ್ತಿ ಕಳೆದ. ಮೊದಲ ಮೂರು ವರ್ಷ ಹೊಡೆದಾಟದಲ್ಲಿ ಹೋಯಿತು. ನೀರಿನ ಸಾಲಿನಲ್ಲಿ ಒಬ್ಬ, ಉಜ್ಜಿ ಚೂಪು ಮಾಡಿದ ಚಮಚದಿಂದ ಅವನ ಹೊಟ್ಟೆಗೆ ಚುಚ್ಚಿದ. ಇವನು ಆ ಮನುಷ್ಯನ ದವಡೆ ಮುರಿದ. ಆಸ್ಪತ್ರೆಯಿಂದ ಬಂದ ಮೇಲೆ ಜೈಲಿನ ಪುಸ್ತಕ ಕಟ್ಟುವ ಶೆಡ್ಡಿಗೆ ಹಾಕಿದರು. ಅಲ್ಲಿ ಎರಡು ಕೊಲೆ ಮಾಡಿದ್ದ ಒಬ್ಬ ಮುದುಕ ಅವನ ಕೈಗೆ ಸಣ್ಣ ಸುತ್ತಿಗೆ ಕೊಟ್ಟು, "ಹೊಡಿಯೋದು ಬಿಡು ಅಂತ ಹೇಳಲ್ಲ ಕಣೋ, ನಿನ್ನಿಂದ ಆಗಲ್ಲ. ನಿಧಾನವಾಗಿ ಹೊಡಿಯೋದು ಕಲಿ" ಎಂದ. ಅವನು ಕಲಿತ. ಅವನ ಒಂಬತ್ತನೆಯ ವರ್ಷದಲ್ಲಿ ಹೊರಗೆ ಅಣ್ಣ ಕಾಲಿನ ಹುಣ್ಣು ಏರಿ ಸತ್ತ. ಅತ್ತಿಗೆ ಅದಕ್ಕೂ ಮೊದಲೇ ಹೋಗಿದ್ದಳು. ಅಣ್ಣನ ಒಬ್ಬಳೇ ಮಗಳನ್ನು ದೂರದ ನೆಂಟರು ಹದಿನೆಂಟು ತುಂಬುತ್ತಿದ್ದಂತೆ ಕೈಗೆ ಸಿಕ್ಕಿದವನಿಗೆ ಮದುವೆ ಮಾಡಿ ಕೈ ತೊಳೆದುಕೊಂಡರು.

ಆ ಮದುವೆಯಾಗಿ ವರ್ಷಕ್ಕೆ ಸುತ್ತಿಗೆ ಹೊರಗೆ ಬಂದ. ಯಾರೂ ಕೆಲಸ ಕೊಡಲಿಲ್ಲ. ಕೊಟ್ಟವರು ವಕೀಲರ ಲೈಬ್ರರಿಯ ಲೈಬ್ರರಿಯನ್ ಒಬ್ಬರೇ: ತೆಳ್ಳಗೆ, ಶರಟಿನ ಜೇಬಿನಲ್ಲಿ ಮೂರು ಬಣ್ಣದ ಪೆನ್ನು, ಮೂವತ್ತು ವರ್ಷದಿಂದ ಅದೇ ಕುರ್ಚಿ. ಅವನ ಹೆಸರು, ಕೇಸು ಕೇಳಿ ಅವರು ಕನ್ನಡಕ ತೆಗೆದು ಒರೆಸಿದರು. ಆಮೇಲೆ "ನಾಳೆಯಿಂದ ಬಾ" ಎಂದರು. ದಿನಾ ಹನ್ನೊಂದಕ್ಕೆ ತಮ್ಮ ಟೀಯಲ್ಲಿ ಅರ್ಧ ಅವನ ಲೋಟಕ್ಕೆ ಬಗ್ಗಿಸುತ್ತಿದ್ದರು. ಐದು ವರ್ಷ, ಒಂದು ದಿನವೂ ತಪ್ಪಿಸಲಿಲ್ಲ. ಅವರ ಬಗ್ಗೆ ಯಾರಾದರೂ ಹಗುರವಾಗಿ ಮಾತಾಡಿದರೆ ಸುತ್ತಿಗೆ ಕೈಕೆಲಸ ನಿಲ್ಲಿಸಿ ಆ ಕಡೆ ನೋಡುತ್ತಿದ್ದ. ಮಾತು ಅಲ್ಲಿಗೇ ನಿಲ್ಲುತ್ತಿತ್ತು.

ವಕೀಲರಿಗೆ ಅವನೆಂದರೆ ಭಯವೂ ಹೌದು, ಸಲಿಗೆಯೂ ಹೌದು. "ಸುತ್ತಿಗೆ, ನನ್ನ ಕಕ್ಷಿದಾರನಿಗೂ ಒಂದು ರಟ್ಟು ಹಾಕಿಕೊಡಯ್ಯ, ಹಾಳೆಹಾಳೆಯಾಗಿ ಬಿದ್ದಿದ್ದಾನೆ" ಅನ್ನುವರು. "ಮೊದಲು ನಿಮ್ಮ ವಾದಕ್ಕೆ ಹೊಲಿಗೆ ಹಾಕೋಣ ಸಾರ್" ಅನ್ನುವನು.

ಅಣ್ಣನ ಮಗಳ ಮನೆಗೆ ಅವನು ಹೋದದ್ದು ಒಂದೇ ಸಲ. ಅವಳ ಎಡ ಮೊಣಕೈ ಬಗ್ಗುತ್ತಿರಲಿಲ್ಲ, ಮೇಲಿನ ಹಲ್ಲು ಎರಡು ಇರಲಿಲ್ಲ. ಗಂಡನನ್ನು ಕೂರಿಸಿಕೊಂಡು ಬುದ್ಧಿ ಹೇಳಲು ನೋಡಿದ. "ಕೊಲೆಗಾರ ನನಗೆ ಬುದ್ಧಿ ಹೇಳ್ತಾನೆ" ಎಂದು ಆ ಗಂಡ ನಕ್ಕು, ಮೇಜಿನ ಮೇಲಿದ್ದ ಬಾಟಲಿಯನ್ನು ಇವನ ತಲೆಗೆ ಒಡೆದ. ಸುತ್ತಿಗೆ ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತ. ಇನ್ನೊಂದು ಏಟು ಹೊಡೆದರೆ ತಾನು ಮತ್ತೆ ಒಳಗೆ, ಇವಳಿಗೆ ಹೊರಗೆ ಯಾರೂ ಇಲ್ಲ ಎಂಬ ಲೆಕ್ಕ ಅವನದು. ರಕ್ತ ಕಣ್ಣಿಗಿಳಿಯಿತು. "ನೀನು ಹೋಗು ಚಿಕ್ಕಪ್ಪ, ಹೋಗಿಬಿಡು" ಎಂದು ಅವಳೇ ಬಾಗಿಲಿಗೆ ತಳ್ಳಿದಳು. ಆ ಲೆಕ್ಕ ತಪ್ಪಿತ್ತು ಎಂದು ಅವನಿಗೆ ತಿಳಿಯಲು ನಾಲ್ಕು ವರ್ಷ ಹಿಡಿಯಿತು. ಒಂದು ಮಧ್ಯಾಹ್ನ ಗಂಡ ಕಾದ ಇಸ್ತ್ರಿಪೆಟ್ಟಿಗೆಯನ್ನು ಅವಳ ತೋಳಿಗೆ ಒತ್ತಿ ಹಿಡಿದ. ಅವಳು ಅದೇ ಇಸ್ತ್ರಿಪೆಟ್ಟಿಗೆ ಕಿತ್ತುಕೊಂಡು ಅವನ ಹಣೆಗೆ ಹೊಡೆದಳು. ಬಿದ್ದ ಮೇಲೆ ಇನ್ನೆರಡು ಸಲ ಹೊಡೆದಳು.

"ಮೊದಲನೇ ಏಟು ಪ್ರಾಣ ಉಳಿಸಿಕೊಳ್ಳಲು. ಉಳಿದೆರಡು ಯಾಕೆ?" ಎಂದು ಕೋರ್ಟು ಕೇಳಿತು. ಕೇಳಿ, ಶಿಕ್ಷೆ ಬರೆಯಿತು. ಹತ್ತು ವರ್ಷ.

ಅವಳೂ ಅಪೀಲಿನ ಅರ್ಜಿಯನ್ನು ಜೈಲಿನ ಆಫೀಸಿಗೆ ಐವತ್ತೊಂದನೆಯ ದಿನ ಕೊಟ್ಟಳು. ಅದು ಕೋರ್ಟು ಸೇರಿದ್ದು ಅರವತ್ತೊಂಬತ್ತನೆಯ ದಿನ. ಒಂಬತ್ತು ದಿನ ತಡ.

"ನಿಯಮ ಇದ್ದರೆ ಶುಕ್ರವಾರ ಮಧ್ಯಾಹ್ನದೊಳಗೆ ತೋರಿಸಿ. ಇಲ್ಲವಾದರೆ ವಜಾ" ಎಂದರು ಈಗಿನ ನ್ಯಾಯಾಧೀಶರು. ಹತ್ತೊಂಬತ್ತು ವರ್ಷದ ಹಿಂದಿನ ಮಾತು ಇನ್ನೊಂದು ಬಾಯಿಂದ ಬಂದದ್ದನ್ನು ಸುತ್ತಿಗೆ ಕೋರ್ಟಿನ ಹಿಂದಿನ ಬೆಂಚಿನಲ್ಲಿ ಕೂತು ಕೇಳಿಸಿಕೊಂಡ.

ಅವಳ ಕೇಸು ನಡೆಸುತ್ತಿದ್ದ ಲಾಯರಮ್ಮ ಮೂರು ದಿನ ಲೈಬ್ರರಿ ಬಿಟ್ಟು ಏಳಲಿಲ್ಲ. ಕೋರ್ಟಿನ ನಿಯಮಗಳ ಪುಸ್ತಕ ಒಮ್ಮೆ ಅಚ್ಚಾದರೆ ಮುಗಿಯುವಂಥದ್ದಲ್ಲ. ನಿಯಮ ಬದಲಾದಾಗೆಲ್ಲ ಅಂಗೈಯಗಲದ ಅಚ್ಚಿನ ಚೀಟಿ ಬರುತ್ತದೆ, ಪ್ರತಿ ಚೀಟಿಗೂ ಒಂದು ನಂಬರು. ಅದನ್ನು ಹಳೆಯ ನಿಯಮದ ಮೇಲೆ ಅಂಟಿಸಬೇಕು, ಮೇಲಿನ ಅಂಚಿಗೆ ಮಾತ್ರ ಒಂದು ಗೆರೆ ಅಂಟು ಹಚ್ಚಿ. ಎತ್ತಿ ನೋಡಿದರೆ ಅಡಿಯಲ್ಲಿ ಹಳೆಯದೂ ಕಾಣಬೇಕು. ಯಾವ ದಿನ ಯಾವ ನಿಯಮವಿತ್ತು ಎಂಬುದರ ಮೇಲೆ ಒಂದೊಂದು ಜೀವ ನೇತಾಡುತ್ತಿರುತ್ತದೆ. ಲಾಯರಮ್ಮ ಒಂದೊಂದೇ ಚೀಟಿ ಎತ್ತಿ, ಕೆಳಗೆ ನೋಡಿ, ಬಿಡುತ್ತ ಹೋದಳು.

ಶುಕ್ರವಾರ ಬೆಳಗ್ಗೆ ಹತ್ತೂವರೆಗೆ ಅವಳು ಹಿಂದಿನ ಕೋಣೆಗೆ ಬಂದು ಪುಸ್ತಕವನ್ನು ಅವನ ಮೇಜಿನ ಮೇಲೆ ಧಡ್ ಎಂದು ಹಾಕಿದಳು.

"ಇದರಲ್ಲಿ ನಲವತ್ತನೇ ಚೀಟಿ ಇದೆ. ನಲವತ್ತೆರಡನೇದೂ ಇದೆ. ನಲವತ್ತೊಂದು ಎಲ್ಲಿ?"

"ಲೈಬ್ರರಿಯನ್ ಸಾರನ್ನ ಕೇಳಿದ್ರಾ?"

"ಕೇಳಿದೆ. ನಂಬರ್ ತಪ್ಪಾಗಿ ಅಚ್ಚಾಗಿದೆ, ನಲವತ್ತೊಂದು ಬಂದೇ ಇಲ್ಲ ಅಂತಾರೆ. ಕಂಪ್ಯೂಟರಿನಲ್ಲಿ ನೋಡಿದ್ರೆ ಅಲ್ಲೂ ಇಲ್ಲ. ಯಾಕಿಲ್ಲ ಅಂದ್ರೆ, ಕಂಪ್ಯೂಟರಿಗೆ ಹಾಕುವಾಗ ಈ ಪುಸ್ತಕವನ್ನೇ ನೋಡಿ ಟೈಪ್ ಮಾಡಿದ್ದಾರಂತೆ! ಇದರ ತೂತು ಅದಕ್ಕೂ ಬಂದಿದೆ. ಕೋರ್ಟಿನ ಆಫೀಸಿನ ಪ್ರತಿ ನೆನೆದು ಮುದ್ದೆಯಾಗಿ ಯಾವುದೋ ಕಾಲವಾಯ್ತು."

ಸುತ್ತಿಗೆ ಪುಸ್ತಕವನ್ನು ಕೈಗೆ ತೆಗೆದುಕೊಂಡ. ಓದಲಿಲ್ಲ. ಕುರಿ ಕೊಳ್ಳುವವನ ಹಾಗೆ ಬೆನ್ನು ಒತ್ತಿ ನೋಡಿದ.

"ಇದನ್ನ ಕಟ್ಟಿದ್ದು ಯಾವಾಗ?"

ಒಳಪುಟದಲ್ಲಿ ತಾರೀಖಿತ್ತು. ಹತ್ತೊಂಬತ್ತು ವರ್ಷದ ಹಿಂದೆ, ಅವನ ಅಪೀಲು ವಜಾ ಆಗುವುದಕ್ಕೆ ಎರಡು ತಿಂಗಳು ಮೊದಲು.

"ಬೆನ್ನು ದಪ್ಪ ಇದೆ" ಎಂದ. "ನಮ್ಮ ಕೆಲಸದವರು ಬೆನ್ನು ಗಟ್ಟಿಯಾಗಲಿ ಅಂತ ಒಳಗೆ ರದ್ದಿ ಕಾಗದ ಮೆತ್ತುತ್ತಾರೆ ಮೇಡಂ. ಮೇಜಿನ ಮೇಲೆ ಏನು ಬಿದ್ದಿರುತ್ತೋ ಅದೇ. ನಾನೂ ಮೆತ್ತಿದ್ದೀನಿ."

ಬಾಗಿಲಲ್ಲಿ ಲೈಬ್ರರಿಯನ್ ನಿಂತಿದ್ದರು. "ಆ ಪುಸ್ತಕಕ್ಕೆ ಚಾಕು ಹಾಕಬೇಡ" ಎಂದರು. "ಅದು ಸಂಘದ ಆಸ್ತಿ."

"ಮತ್ತೆ ಕಟ್ಟಿಕೊಡ್ತೀನಿ ಸಾರ್."

"ಹಾಕಬೇಡ ಅಂದೆ."

ಐದು ವರ್ಷದಲ್ಲಿ ಮೊದಲ ಸಲ ಅವನು ಅವರ ಮಾತು ಕೇಳಲಿಲ್ಲ. ಚಾಕುವಿನ ತುದಿಯನ್ನು ರಟ್ಟು ಮತ್ತು ಬೆನ್ನು ಕೂಡುವ ಸಂದಿಗೆ ಇಟ್ಟು, ಕುತ್ತಿಗೆಯಿಂದ ಕೆಳಗಿನವರೆಗೆ ಒಂದೇ ಎಳೆತಕ್ಕೆ ಸೀಳಿದ. ಚರ್ಮ ಸುಲಿದ ಹಾಗೆ ಬಟ್ಟೆ ಹಿಂದಕ್ಕೆ ಬಂತು. ಒಳಗೆ ಕಂದು ಅಂಟಿನ ಗಡ್ಡೆ, ಅದರಡಿ ಕಾಗದದ ಪದರ. ಹಳೆಯ ಅಂಟು ಸಡಿಲಾಗಲೆಂದು ಅದರ ಮೇಲೆ ಒದ್ದೆ ಮೈದಾ ಅಂಟನ್ನು ಬಳಿದು ನೆನೆಯಲು ಬಿಟ್ಟ. ಅದಕ್ಕೆ ಅರ್ಧ ಗಂಟೆ ಹಿಡಿಯಿತು. ಲೈಬ್ರರಿಯನ್ ಹೋಗಲೂ ಇಲ್ಲ, ಕೂರಲೂ ಇಲ್ಲ. ಆಮೇಲೆ ಅವನು ಮೂಳೆಯ ಪಟ್ಟಿಯಿಂದ ಪದರ ಎಬ್ಬಿಸಿದ. ಹಳೆಯ ಪತ್ರಿಕೆಯ ತುಂಡು. ಒಂದು ಲಕೋಟೆ. ಅದರ ಕೆಳಗೆ ಅಚ್ಚಿನ ಮುಖ ಒಳಗೆ ಮಾಡಿ ಮೆತ್ತಿದ್ದ ಅಂಗೈಯಗಲದ ಚೀಟಿ.

ಲಾಯರಮ್ಮ ಗಟ್ಟಿಯಾಗಿ ಓದಿದಳು: "ಚೀಟಿ ನಲವತ್ತೊಂದು. ಬಂದಿಯು ಅಪೀಲಿನ ಅರ್ಜಿಯನ್ನು ಕಾರಾಗೃಹದ ಅಧಿಕಾರಿಯ ಕೈಗೆ ಕೊಟ್ಟ ದಿನವನ್ನೇ ನ್ಯಾಯಾಲಯಕ್ಕೆ ಸಲ್ಲಿಸಿದ ದಿನವೆಂದು ಎಣಿಸತಕ್ಕದ್ದು."

ಮೂಲೆಯಲ್ಲಿ ಲೈಬ್ರರಿಯ ದುಂಡು ಮೊಹರು. ಅದರ ಪಕ್ಕ ಹಸಿರು ಶಾಯಿಯ ಪುಟ್ಟ ಸಹಿ, ಬಂದ ತಾರೀಖು. ಆ ಹಸಿರು ಪೆನ್ನು ಈಗಲೂ ಲೈಬ್ರರಿಯನ್ ಜೇಬಿನಲ್ಲಿತ್ತು.

"ಸಾರ್, ಬರೀ ಚೀಟಿ ಸಾಲದು" ಎಂದಳು ಲಾಯರಮ್ಮ, ಅವರ ಮುಖ ನೋಡದೆ. "ಆ ಕಡೆಯ ವಕೀಲರು ರದ್ದಿ ಕಾಗದ ಅಂತಾರೆ. ಇದು ಯಾವಾಗ ಬಂತು, ಯಾಕೆ ಅಂಟಿಸಲಿಲ್ಲ ಅಂತ ನೀವು ಬರೆದು ಸಹಿ ಹಾಕಿಕೊಡಬೇಕು. ನಾನು ಹೋಗಿ ನಮ್ಮ ಕೇಸು ಕೊನೆಗೆ ಕೂಗಿಸ್ತೀನಿ. ಇಪ್ಪತ್ತು ನಿಮಿಷ. ಸುತ್ತಿಗೆಯಣ್ಣ, ನೀವು ತಗೊಂಡು ಬನ್ನಿ." ಮೊಬೈಲಿನಲ್ಲಿ ಚೀಟಿಯ ಫೋಟೋ ತೆಗೆದುಕೊಂಡು ಓಡಿದಳು.

ಕೋಣೆಯಲ್ಲಿ ಇಬ್ಬರೇ ಉಳಿದರು. ಸುತ್ತಿಗೆ ತಾರೀಖನ್ನು ಇನ್ನೊಮ್ಮೆ ನೋಡಿದ. ಏಳು ವರ್ಷ, ಎಂದುಕೊಂಡ. ಏಳಕ್ಕೇ ಹೊರಗೆ ಬಂದಿದ್ದರೆ ಅಣ್ಣನ ಹುಣ್ಣಿಗೆ ಔಷಧಿ ಹಚ್ಚಲು ನಾನಿರುತ್ತಿದ್ದೆ. ಆ ಮದುವೆ ನಡೆಯುತ್ತಿರಲಿಲ್ಲ.

"ನಿಮಗೆ ಗೊತ್ತಿತ್ತಾ ಸಾರ್?"

"ಬೈಂಡರ್ ರದ್ದಿ ಜೊತೆ ತಗೊಂಡು ಹೋಗಿಬಿಟ್ಟ" ಎಂದರು ಲೈಬ್ರರಿಯನ್. "ನಲವತ್ತೆರಡು ಬಂದಾಗಲೇ ನನಗೆ ತಿಳಿದದ್ದು. ಇನ್ನೊಂದು ಪ್ರತಿ ಕೊಡಿ ಅಂತ ಬರೆದಿದ್ದರೆ ಮೇಲಿನವರು ನನ್ನನ್ನ ಸುಮ್ಮನೆ ಬಿಡ್ತಿದ್ರಾ?"

"ನಮ್ಮ ವಕೀಲ ಬಂದು ಹುಡುಕಿದಾಗ?"

ಅವರು ಕನ್ನಡಕ ತೆಗೆದು ಒರೆಸಿದರು. "ಅಂಥ ನಿಯಮ ಇಲ್ಲ ಅಂದೆ. ಆಗ ನೀನು ಯಾರು ಅಂತ ನನಗೇನು ಗೊತ್ತು? ಒಂದು ಹೆಸರು, ಅಷ್ಟೇ. ಐದು ವರ್ಷ ನಾನು ನಿನಗೆ..."

"ಟೀ ಕೊಟ್ಟಿರಿ."

ಸುತ್ತಿಗೆಯ ಬಲಗೈ ತಾನೇ ಮೇಜಿನ ಮೇಲೆ ಹರಿದಾಡಿ ಸುತ್ತಿಗೆಯ ಹಿಡಿಗೆ ಹೋಗಿ ನಿಂತಿತ್ತು. ಲೈಬ್ರರಿಯನ್ ಅದನ್ನು ನೋಡಿದರು. ಹೆದರಿದ ಮನುಷ್ಯ ಮಾಡುವ ಕೆಲಸವನ್ನೇ ಅವರು ಮಾಡಿದರು. ಒದ್ದೆ ಚೀಟಿಯನ್ನು ಬಾಚಿ ಮುದುರಿ ಬಾಯಿಗೆ ಒಯ್ದರು.

ಇವನು ಮೇಜನ್ನೇ ತಳ್ಳಿಕೊಂಡು ಹೋಗಿ ಅವರನ್ನು ಕಪಾಟಿಗೆ ಅಪ್ಪಳಿಸಿದ. ಎರಡು ಸಾಲು ಪುಸ್ತಕ ಅವರ ಹೆಗಲ ಮೇಲೆ ಉರುಳಿತು. ಗಂಟಲು ಹಿಡಿದು, ತುಟಿಯೊಳಗೆ ಬೆರಳು ತೂರಿಸಿ ಚೀಟಿ ಎಳೆದ. ಅವರ ತುಟಿ ಹರಿಯಿತು. ಚೀಟಿಯ ಒಂದು ಮೂಲೆಯೂ ಹರಿಯಿತು, ಅಕ್ಷರ ಉಳಿದವು. ಆಗಲೂ ಅವರ ಬಲ ಮಣಿಕಟ್ಟು ಇವನ ಮುಷ್ಟಿಯಲ್ಲಿತ್ತು. ಸಣ್ಣ ಮೂಳೆ, ಹಕ್ಕಿಯ ಕಾಲಿನಷ್ಟು. ಎಷ್ಟು ಒತ್ತಿದರೆ ಮುರಿಯುತ್ತದೆ ಎಂದು ಅವನ ಹೆಬ್ಬೆರಳಿಗೆ ಗೊತ್ತಿತ್ತು. ಹತ್ತೊಂಬತ್ತು ವರ್ಷದಿಂದ ಹುಡುಕುತ್ತಿದ್ದ ಮೂಳೆ ಅದೇ ಅನ್ನಿಸಿತು. ಒತ್ತತೊಡಗಿದ. ಅವರು ಕೂಗಿದರು.

ಆ ಕೈ ಬರೆಯುವ ಕೈ ಎಂಬುದು ಆಗ ಹೊಳೆಯಿತು.

ಬಿಟ್ಟ. ಆದರೆ ಬಿಟ್ಟ ಕೈ ಸುಮ್ಮನಿರಲಿಲ್ಲ. ಅದು ಮತ್ತೆ ಮೇಲೆದ್ದಿತ್ತು, ಮುಷ್ಟಿಯಾಗಿತ್ತು, ಅವರ ಕನ್ನಡಕದ ಎತ್ತರಕ್ಕೆ ಬಂದಿತ್ತು. ಅದನ್ನು ತಡೆಯುವ ಮನುಷ್ಯ ಆ ಕೋಣೆಯಲ್ಲಿ ಯಾರೂ ಇರಲಿಲ್ಲ. ಮೂಲೆಯಲ್ಲಿ ಪುಸ್ತಕ ಒತ್ತುವ ಕಬ್ಬಿಣದ ಪ್ರೆಸ್ ಇತ್ತು: ಕೆಳಗೊಂದು ಹಲಗೆ, ಮೇಲೊಂದು ಹಲಗೆ, ನಡುವೆ ದಪ್ಪ ತಿರುಪು, ತಲೆಯ ಮೇಲೆ ಚಕ್ರ. ಸುತ್ತಿಗೆ ಮೂರು ಹೆಜ್ಜೆಗೆ ಅಲ್ಲಿಗೆ ಹೋಗಿ, ತನ್ನ ಬಲಗೈಯನ್ನು ಎರಡು ಹಲಗೆಗಳ ನಡುವೆ ಇಟ್ಟು ಎಡಗೈಯಿಂದ ಚಕ್ರ ತಿರುಗಿಸಿದ. ಹಲಗೆ ಇಳಿದು ಕೈ ಹಿಡಿದುಕೊಂಡಿತು.

"ಬರೀರಿ" ಎಂದ.

"ಏನೋ ಮಾಡ್ತಿದ್ದೀಯ! ತೆಗಿ, ಕೈ ಹೋಗುತ್ತೆ!"

"ತೆಗೆದರೆ ಅದು ನಿಮ್ಮ ಮೇಲೆ ಬರುತ್ತೆ ಸಾರ್. ಅದಕ್ಕೇ ಒಳಗೆ ಹಾಕಿದ್ದೀನಿ. ಬರೀರಿ."

ಲೈಬ್ರರಿಯನ್ ಬಿದ್ದ ಪುಸ್ತಕಗಳ ನಡುವೆ ಕೂತು, ತುಟಿಯ ರಕ್ತವನ್ನು ತೋಳಿಗೆ ಒರೆಸಿಕೊಂಡು, ಬರೆದರು.

"ಓದಿ."

"ನಲವತ್ತೊಂದನೆಯ ಚೀಟಿಯು ಮೇಲ್ಕಂಡ ತಾರೀಖಿನಂದು ಲೈಬ್ರರಿಗೆ ಬಂದಿದ್ದು, ಬೈಂಡರನ ಅಜಾಗರೂಕತೆಯಿಂದ..."

ಸುತ್ತಿಗೆ ಚಕ್ರವನ್ನು ಅರ್ಧ ಸುತ್ತು ತಿರುಗಿಸಿದ. ಒಣ ಕಡ್ಡಿ ಮುರಿದಂಥ ಸದ್ದು ಬಂತು. ಅವನ ಹಣೆಯಿಂದ ಬೆವರು ಹಲಗೆಯ ಮೇಲೆ ಬಿತ್ತು. ಮುಖದಲ್ಲಿ ಬಣ್ಣ ಉಳಿದಿರಲಿಲ್ಲ, ದನಿ ಮಾತ್ರ ಹಾಗೇ ಇತ್ತು.

"ಹೊಸ ಹಾಳೆ ತಗೊಳ್ಳಿ ಸಾರ್."

ಎರಡನೆಯ ಹಾಳೆಯಲ್ಲಿ ಬೈಂಡರ್ ಇರಲಿಲ್ಲ, 'ಕಾಣೆಯಾಗಿದ್ದು' ಎಂದಿತ್ತು. ಇನ್ನೊಂದು ಕಾಲು ಸುತ್ತು. ಇನ್ನೊಂದು ಕಡ್ಡಿ. ಲೈಬ್ರರಿಯನ್ ಮಗುವಿನಂತೆ ಅಳತೊಡಗಿದರು. ಅಳುತ್ತಲೇ ಮೂರನೆಯ ಹಾಳೆ ಎಳೆದುಕೊಂಡರು. ಈ ಸಲ ಪೆನ್ನು ನಿಲ್ಲಲಿಲ್ಲ. ಓದಿ ಎಂದು ಹೇಳಿಸಿಕೊಳ್ಳದೆ ಓದಿದರು: ಚೀಟಿ ಬಂದಿತ್ತು. ಅದನ್ನು ಅಂಟಿಸಬೇಕಾದವನು ನಾನು, ಅಂಟಿಸಲಿಲ್ಲ. ಕಳೆದಿದೆ ಎಂದು ತಿಳಿದ ಮೇಲೂ ಯಾರಿಗೂ ಹೇಳಲಿಲ್ಲ. ಕೇಳಲು ಬಂದ ವಕೀಲರಿಗೆ ಅಂಥ ನಿಯಮ ಇಲ್ಲವೆಂದು ಸುಳ್ಳು ಹೇಳಿದೆ. ಕೆಳಗೆ ಹಸಿರು ಸಹಿ.

"ಆಯ್ತು" ಎಂದ ಸುತ್ತಿಗೆ. ಚಕ್ರವನ್ನು ಹಿಂದಕ್ಕೆ ತಿರುಗಿಸಲು ಹೋದರೆ ಎಡಗೈಯಲ್ಲಿ ಬಲ ಉಳಿದಿರಲಿಲ್ಲ. ಲೈಬ್ರರಿಯನ್ ಎದ್ದು ಬಂದರು. ಆ ಕೈ ಹೊರಗೆ ಬಂದರೆ ಏನು ಮಾಡುತ್ತದೆ ಎಂದು ಅವರಿಗೆ ತಿಳಿದಿರಲಿಲ್ಲ, ಆದರೂ ಎರಡೂ ಕೈಯಿಂದ ಚಕ್ರ ಹಿಡಿದು ತಿರುಗಿಸಿದರು. ಹಲಗೆ ಎದ್ದಿತು. ಕೈ ಅಲ್ಲೇ ಬಿದ್ದಿತ್ತು, ಯಾರದೋ ಎಂಬಂತೆ.

ಅವನು ಹಾಳೆಯನ್ನೂ ಚೀಟಿಯನ್ನೂ ಎಡಗೈಯಲ್ಲಿ ಹಿಡಿದು, ಬಲಗೈಯನ್ನು ಎದೆಗೆ ಅವಚಿಕೊಂಡು ಕೋರ್ಟಿನ ಮೆಟ್ಟಿಲು ಹತ್ತಿದ. ಕೇಸು ಕೂಗಿ ಆಗಿತ್ತು. ಎದುರು ವಕೀಲರು ಎದ್ದು "ಇದು ಪುಸ್ತಕದ ಬೆನ್ನಿನಿಂದ ಕಿತ್ತ ಕಾಗದ" ಎಂದರು. ನ್ಯಾಯಾಧೀಶರು ಚೀಟಿ ನೋಡಿದರು, ಹಾಳೆ ಓದಿದರು. ಹಾಳೆಯ ಅಂಚಿನಲ್ಲಿದ್ದ ಕೆಂಪು ಕಲೆಯನ್ನೂ, ಬಾಗಿಲಲ್ಲಿ ಗೋಡೆಗೆ ಒರಗಿ ನಿಂತವನನ್ನೂ ನೋಡಿದರು. ಲೈಬ್ರರಿಯನ್‌ರನ್ನು ಕರೆಸಿದರು. ಅವರು ಊದಿದ ತುಟಿಯಲ್ಲೇ ಬಂದು ನಿಂತರು.

"ಈ ಹಾಳೆಯನ್ನು ನಿಮಗೆ ಹೊಡೆದು ಬರೆಸಿದರಾ?"

ಇಡೀ ಕೋಣೆ ಆ ಉತ್ತರಕ್ಕೆ ಕಾಯಿತು. ಹೌದು ಎಂದರೆ ಹಾಳೆ ರದ್ದಿ, ಸುತ್ತಿಗೆ ಮತ್ತೆ ಜೈಲಿಗೆ, ಅವಳ ಹತ್ತು ವರ್ಷ ಹಾಗೇ. ಲೈಬ್ರರಿಯನ್ ಬಾಗಿಲ ಕಡೆ ತಿರುಗಿ, ಊದಿ ನೀಲಿಯಾಗುತ್ತಿದ್ದ ಆ ಕೈಯನ್ನು ನೋಡಿದರು.

"ತುಟಿಗೆ ಏಟು ಬಿದ್ದದ್ದು ನಾನು ಚೀಟಿ ನುಂಗಲು ಹೋದದ್ದಕ್ಕೆ" ಎಂದರು. "ಬರೆದದ್ದು ನಾನೇ. ಬರೆದದ್ದೆಲ್ಲ ನಿಜ."

ಅಪೀಲು ದಾಖಲಾಯಿತು. ಅಷ್ಟೇ. ಅವಳ ಹತ್ತು ವರ್ಷದ ಶಿಕ್ಷೆ ಹೋಗಲಿಲ್ಲ. ಆ ಮೂರು ಏಟಿನ ಬಗ್ಗೆ ಮತ್ತೊಮ್ಮೆ ಕೇಳುವುದಕ್ಕೆ ಒಬ್ಬ ನ್ಯಾಯಾಧೀಶರು ಕೂತರು. ಲೈಬ್ರರಿಯನ್ ಆ ಸಂಜೆ ಕೆಲಸ ಬಿಟ್ಟರು. ಮೂರು ಪೆನ್ನುಗಳನ್ನೂ ಮೇಜಿನ ಮೇಲಿಟ್ಟು ಹೋದರು. ಕೋರ್ಟು ಚೀಟಿಯನ್ನು ನಕಲು ಮಾಡಿಕೊಂಡು ಮೊಹರು ಹಾಕಿ ಹಿಂದಿರುಗಿಸಿದಾಗ ಸುತ್ತಿಗೆ ಅದನ್ನು ಎಡಗೈಯಿಂದಲೇ ನಲವತ್ತು ಮತ್ತು ನಲವತ್ತೆರಡರ ನಡುವಿನ ಜಾಗಕ್ಕೆ ಅಂಟಿಸಿದ, ಮೇಲಿನ ಅಂಚಿಗೆ ಒಂದು ಗೆರೆ ಅಂಟು. ಸೊಟ್ಟಗಾಯಿತು. ಕಿತ್ತು ಸರಿಮಾಡಲು ಹೋಗಲಿಲ್ಲ.

ಮುಂದಿನ ವಾರ ಜೈಲಿನ ಭೇಟಿಯ ಕೋಣೆಯಲ್ಲಿ, ಜಾಲರಿಯ ಆ ಕಡೆಯಿಂದ ಅಣ್ಣನ ಮಗಳು ಅವನ ಮುಖ ನೋಡುವ ಮೊದಲು ಪ್ಲಾಸ್ಟರು ಹಾಕಿದ ಕೈ ನೋಡಿದಳು.

"ಯಾರಿಗೆ ಹೊಡೆದೆ ಚಿಕ್ಕಪ್ಪ?"

"ಯಾರಿಗೂ ಇಲ್ಲ ಮರಿ."

"ಸುಳ್ಳು ಹೇಳಬೇಡ. ಬದುಕಿದ್ದಾನಾ?"

"ಒಬ್ಬರ ತುಟಿ ಹರಿಯಿತು, ಅಷ್ಟು ನಿಜ. ಉಳಿದದ್ದೆಲ್ಲ ಪ್ರೆಸ್ಸಿಗೆ ಸಿಕ್ಕಿದ್ದು. ನಾನೇ ಸಿಕ್ಕಿಸಿದ್ದು."

ಅವಳು ಜಾಲರಿಗೆ ಇನ್ನಷ್ಟು ಹತ್ತಿರ ಬಂದಳು. ಆಮೇಲೆ ಸುಟ್ಟ ತೋಳಿನ ಕೈಯನ್ನು ಎತ್ತಿ, ಜಾಲರಿಯ ಕಿಂಡಿಯಲ್ಲಿ ಒಂದು ಬೆರಳು ತೂರಿಸಿ, ಪ್ಲಾಸ್ಟರಿನ ಮೇಲೆ ಎರಡು ಸಲ ಮೆಲ್ಲಗೆ ತಟ್ಟಿದಳು.

"ನೋವಾಗುತ್ತಾ?"

"ಈಗ ಆಯ್ತು" ಎಂದ ಅವನು.

ಅವಳು ನಕ್ಕಳು. ಮೇಲಿನ ಎರಡು ಹಲ್ಲಿನ ಜಾಗ ಖಾಲಿಯಾಗಿ ಕಂಡಿತು. ಅದನ್ನು ಅವಳು ಕೈಯಿಂದ ಮುಚ್ಚಿಕೊಳ್ಳಲಿಲ್ಲ.